ನಿಂತ ಲಾರಿಯ ದಿನಗಳು ಯಾರ ಖಾತೆಗೆ?

ಆರು ದಿನಕ್ಕೊಂದು ಟ್ರಿಪ್, ತಿಂಗಳಿಗೆ ಐದು ಟ್ರಿಪ್. ಹೊಸದಾಗಿ ಲಾರಿ ಹತ್ತಲು ಬರುವ ಹುಡುಗರು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೇ ನನ್ನ ಮೇಜಿನ ಮುಂದೆ ಕೂರುತ್ತಾರೆ. ಕೋಲಾರದಿಂದ ಕೋಲ್ಕತ್ತಕ್ಕೆ ಸುಮಾರು 1,800 ಕಿಲೋಮೀಟರ್. ಟೊಮೆಟೊ ಕೊಳೆಯುವ ಮಾಲಾದ್ದರಿಂದ ಇಬ್ಬರು ಚಾಲಕರು. ಹೋಗಲು ಮೂರು ದಿನ, ಬರಲು ಮೂರು ದಿನ. ಭಾಗಾಕಾರದಲ್ಲಿ ತಪ್ಪಿಲ್ಲ. ಲಾರಿಯನ್ನು ಅವರು ಬಸ್ಸು ಎಂದುಕೊಂಡಿದ್ದಾರೆ, ಅಷ್ಟೇ.

ಎಪಿಎಂಸಿ ಮಾರುಕಟ್ಟೆಯ ಹತ್ತಿರ ಕುಳಿತು ಲಾರಿ ಮಾಲೀಕರ ಲೆಕ್ಕ ಬರೆಯುವುದು ನನ್ನ ಕಸುಬು. ಟ್ರಿಪ್ ಮುಗಿಸಿ ಬಂದ ಚಾಲಕ ಪ್ಲಾಸ್ಟಿಕ್ ಕವರಿನಿಂದ ಚೀಟಿಗಳನ್ನು ಸುರಿಯುತ್ತಾನೆ. ಹಗ್ಗ, ಪಂಕ್ಚರ್, ಹಮಾಲಿ, ತೂಕದ ಚೀಟಿ. ಕೆಲವದರಲ್ಲಿ ಬೆವರಿಗೆ ಅಂಕಿಯೇ ಕರಗಿರುತ್ತದೆ. ಕೊಟ್ಟ ಅಡ್ವಾನ್ಸಿನಲ್ಲಿ ಖರ್ಚು ಕಳೆದು ಉಳಿದದ್ದನ್ನು ಹೇಳಿದಾಗ ಹೊಸಬರ ಮುಖ ಬಾಡುವುದನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ನನಗೂ ಬೇಸರವಾಗುತ್ತದೆ, ಹೋಗುವ ಮುಂಚೆ ಹೇಳಿದ್ದೆನಲ್ಲ ಎಂದು ಸಿಟ್ಟೂ ಬರುತ್ತದೆ.

ಲೈಸೆನ್ಸಿನ ವಿಷಯ ಇಲ್ಲಿ ಬೇಡ. ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸಿಗೆ ಒಂದು ವರ್ಷವಾಗಿರಬೇಕು, ಮಿಕ್ಕದ್ದನ್ನು ಡ್ರೈವಿಂಗ್ ಶಾಲೆಯವರು ಹೇಳುತ್ತಾರೆ.

ಟೊಮೆಟೊ ಮೂರು ದಿನಕ್ಕೆ ಮುಟ್ಟುತ್ತದೆ, ನಿಜ. ಇಳಿಸಲು ಅರ್ಧ ದಿನವೋ ಒಂದು ದಿನವೋ ಹೋಗುತ್ತದೆ. ಆಮೇಲೇನು? 1,800 ಕಿಲೋಮೀಟರ್ ಖಾಲಿ ಓಡಿಸಿ ಡೀಸೆಲ್ ಸುಡಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಅಲ್ಲಿನ ಲಾರಿ ಆಫೀಸಿನಲ್ಲಿ ವಾಪಸ್ ಲೋಡಿಗೆ ಹೆಸರು ಬರೆಸಿ ಕಾಯಬೇಕು. ಎರಡು ದಿನವಾಗಬಹುದು, ನಾಲ್ಕಾಗಬಹುದು. ಸಿಕ್ಕ ಲೋಡು ಕೋಲಾರಕ್ಕೇ ಬರುತ್ತದೆಯೇ? ಅದು ವಿಜಯವಾಡಕ್ಕೋ ಚೆನ್ನೈಗೋ ಇರುತ್ತದೆ. ಅವಸರದ ಮಾಲಲ್ಲವಾದ್ದರಿಂದ ನಿಧಾನವಾಗಿ ಬರುತ್ತೀರಿ, ಗೋದಾಮಿನ ಮುಂದೆ ಸಾಲಿನಲ್ಲಿ ನಿಲ್ಲುತ್ತೀರಿ, ಇಳಿಸಿ ಖಾಲಿ ಗಾಡಿ ತರುತ್ತೀರಿ. ಊರಿಗೆ ಬಂದ ಮೇಲೆ ಗ್ರೀಸು, ಟೈರು, ಒಂದು ದಿನ ಮನೆ. ಹನ್ನೆರಡು ಹದಿಮೂರು ದಿನ ಕಳೆದಿರುತ್ತದೆ. ತಿಂಗಳಿಗೆ ಎರಡು ಟ್ರಿಪ್. ಅದೃಷ್ಟವಿದ್ದರೆ ಮೂರನೆಯದು ಅರ್ಧ.

ಈಗ ಸಂಬಳದ ಮಾತು. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ, ದರಪಟ್ಟಿಯೆಂದು ತಿಳಿಯಬೇಡಿ. ಒಬ್ಬ ಮಾಲೀಕ ತಿಂಗಳಿಗೆ 15,000 ಸಂಬಳ, ಟ್ರಿಪ್ಪಿಗೆ 6,000 ಬಾಟಾ, ಅಂದರೆ ಭತ್ಯೆ, ಎನ್ನುತ್ತಾನೆ. ಇನ್ನೊಬ್ಬ 18,000 ಸಂಬಳ, ಊರು ಬಿಟ್ಟಿರುವ ಪ್ರತಿ ದಿನಕ್ಕೆ 350 ಬಾಟಾ ಎನ್ನುತ್ತಾನೆ. ಐದು ಟ್ರಿಪ್ಪಿನ ಹುಡುಗನ ತಲೆಯಲ್ಲಿ ಮೊದಲನೆಯದು 45,000 ಆಗಿಬಿಟ್ಟಿರುತ್ತದೆ. ಎರಡನೆಯವನನ್ನು ಅವನು ಜಿಪುಣ ಎಂದುಕೊಳ್ಳುತ್ತಾನೆ. ತಿಂಗಳ ಕೊನೆಗೆ ಎರಡು ಟ್ರಿಪ್ಪಾದರೆ ಮೊದಲನೆಯ ಕಡೆ 27,000. ಇಪ್ಪತ್ತಾರು ದಿನ ಹೊರಗಿದ್ದರೆ ಎರಡನೆಯ ಕಡೆ 27,100. ಒಂದೇ ಟ್ರಿಪ್ಪಾದ ತಿಂಗಳು ಮೊದಲನೆಯದು 21,000ಕ್ಕೆ ಇಳಿಯುತ್ತದೆ, ಅಷ್ಟೇ ದಿನ ಹೊರಗಿದ್ದರೆ ಎರಡನೆಯದು ಅಲ್ಲೇ ನಿಲ್ಲುತ್ತದೆ. ಅಪರೂಪಕ್ಕೆ ಮೂರು ಟ್ರಿಪ್ಪಾದ ತಿಂಗಳು ಮೊದಲನೆಯ ಗಾಡಿಯ ಚಾಲಕನಿಗೆ 33,000 ಬರುವುದೂ ನಿಜವೇ. ಆ ತಿಂಗಳ ಕಥೆಯನ್ನೇ ಅವನು ಊರ ಅರಳಿಕಟ್ಟೆಯಲ್ಲಿ ಹೇಳುತ್ತಾನೆ.

ಇನ್ನೂ ಒಂದು ಮಾತು: ಎರಡೂ ಕಡೆ ಊಟ, ಸ್ನಾನ, ಚಹಾ ಎಲ್ಲ ಈ ಬಾಟಾದಿಂದಲೇ ಆಗಬೇಕು. ನಿಂತ ದಿನ ಹಸಿವು ನಿಲ್ಲುವುದಿಲ್ಲ.

ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗನಿದ್ದ. ಸೋದರಮಾವನೇ ಕರೆತಂದಿದ್ದ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಟ್ರಿಪ್ ಬಾಟಾದ ಗಾಡಿಯನ್ನೇ ಹತ್ತಿದ. ಎರಡನೆಯ ಟ್ರಿಪ್ಪಿಗೇ ದುರ್ಗಾಪೂಜೆ ಬಂತು. ಕೋಲ್ಕತ್ತದಲ್ಲಿ ಪೂಜೆಯೆಂದರೆ ಲೋಡು ಮಾಡುವ ಹಮಾಲರೂ ಇರುವುದಿಲ್ಲ, ಬುಕಿಂಗ್ ಮಾಡುವವರೂ ಇರುವುದಿಲ್ಲ. ಆರನೆಯ ದಿನ ಫೋನ್ ಮಾಡಿದ. ಹಿಂದೆ ತಮಟೆಯಂತೆ ಏನೋ ಬಡಿಯುವ ಸದ್ದು. “ಅಣ್ಣ, ಈ ಆರು ದಿನವನ್ನು ಯಾವ ಖಾತೆಗೆ ಬರೆಯುತ್ತೀರಿ?” ಎಂದ. ನನ್ನ ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ. ಮಾಲೀಕರಿಗೆ ಹೇಳಿ ಊಟಕ್ಕೆ ಸಾವಿರ ರೂಪಾಯಿ ಹಾಕಿಸಿದೆ. ಅದೂ ಅವರ ದೊಡ್ಡತನ, ಒಪ್ಪಂದದಲ್ಲಿ ಇದ್ದದ್ದಲ್ಲ.

ಲಾರಿಯಲ್ಲಿ ಹಣವಿದೆ ಎಂದು ಹುಡುಗರನ್ನು ಕರೆತರುವ ಇಂಥ ಮಾವಂದಿರನ್ನು ಬೈಯಲೂ ಆಗುವುದಿಲ್ಲ. ಅವರ ಕಾಲದಲ್ಲಿ ಟೋಲು, ಡೀಸೆಲ್, ಚೆಕ್‌ಪೋಸ್ಟ್ ಎಲ್ಲ ಚಾಲಕನ ಕೈಯ ನಗದಿನಲ್ಲೇ ನಡೆಯುತ್ತಿತ್ತು. ಜಾಣನಿಗೆ ನಾಲ್ಕು ಕಾಸು ಮಿಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಡೀಸೆಲ್ಲಿಗೆ ಕಾರ್ಡ್, ಗಾಡಿಗೆ ಜಿಪಿಎಸ್. ಮಾವ ಮನೆ ಕಟ್ಟಿಸಿದ ಆ ಹಣ ಈಗ ಲಾರಿಯಲ್ಲಿ ಓಡಾಡುವುದೇ ಇಲ್ಲ.

ಮುಂದೆ ಬರುವುದು ಹೇಗೆ ಎಂದೂ ಕೇಳುತ್ತಾರೆ. ನಾನು ಕಂಡಂತೆ ಇಲ್ಲಿ ವರ್ಷ ತುಂಬಿದ್ದಕ್ಕೆ ಸಂಬಳ ಏರುವುದು ಕಡಿಮೆ, ಗಾಡಿ ಬದಲಾದಾಗ ಏರುತ್ತದೆ. ಎರಡನೆಯ ಚಾಲಕನಾಗಿದ್ದವನು ಮೊದಲನೆಯವನಾಗುತ್ತಾನೆ, ಆಮೇಲೆ ಟ್ರೇಲರ್, ಇಲ್ಲವೇ ಟ್ಯಾಂಕರ್. ಪೆಟ್ರೋಲ್, ಗ್ಯಾಸ್‌ನಂಥ ಅಪಾಯಕಾರಿ ಸರಕಿಗೆ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ಬರೆಸಿಕೊಳ್ಳಬೇಕು. ಮೂರೇ ದಿನದ ಈ ಕೆಲಸವನ್ನು ಮೂರು ವರ್ಷ ಮುಂದೂಡುವವರನ್ನು ಕಂಡಿದ್ದೇನೆ. ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ಹೋಗುವ ದಾರಿಯೂ ಬರುವ ದಾರಿಯೂ ಗೊತ್ತಿರುತ್ತದೆ, ವಾಪಸ್ ಲೋಡಿಗೆ ಕಾಯುವ ಕಾಟವಿಲ್ಲ. ಎಲ್ಲ ಕಡೆ ಹೀಗೇ ಎಂದು ನಾನು ಬರೆದುಕೊಡಲಾರೆ.

ದುಡಿಮೆಯ ಗಂಟೆಗಳ ಪ್ರಶ್ನೆಯೂ ಇದೆ. ಮೋಟಾರು ಸಾರಿಗೆ ಕಾರ್ಮಿಕರಿಗೆಂದು 1961ರಲ್ಲಿ ಬಂದ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಸೀಜನ್ನಿನಲ್ಲಿ ಟೊಮೆಟೊ ಲಾರಿ ಹತ್ತಿದವನ ಮುಂದೆ ಇದನ್ನು ಓದಿದರೆ ನಗುತ್ತಾನೆ.

ಶ್ರೀನಿವಾಸಪುರದ ಹುಡುಗ ಈಗ ದಿನದ ಬಾಟಾದ ಗಾಡಿಯಲ್ಲಿದ್ದಾನೆ. ಮೊನ್ನೆ ಲೆಕ್ಕ ಒಪ್ಪಿಸಲು ಬಂದಾಗ ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದ. ನಡುವೆ ಗೆರೆ ಎಳೆದು ಒಂದು ಕಡೆ ‘ಓಡಿದ್ದು’, ಇನ್ನೊಂದು ಕಡೆ ‘ನಿಂತಿದ್ದು’ ಎಂದು ಬರೆದಿದ್ದ. ನಿಂತ ದಿನಗಳು ಏಳು. ನನ್ನ ಪುಸ್ತಕದಲ್ಲಿ ಆರು ಇತ್ತು. ತಿದ್ದಿಕೊಂಡೆ.