ನನ್ನ ಫೈಲು ಯಾರು ನೋಡಿದರು?

ಫಿನ್ಲೆಂಡಿನ ಒಬ್ಬ ನರ್ಸ್ ಕೇಳಿದ್ದು ಬಹಳ ಸಣ್ಣ ಪ್ರಶ್ನೆ. ಆಕೆ ಒಂದು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. 1992ರ ಹೊತ್ತಿಗೆ ಜೊತೆ ಕೆಲಸದವರಿಗೆ ತನ್ನ ಕಾಯಿಲೆ ಗೊತ್ತಾಗಿದೆ ಅನ್ನುವ ಅನುಮಾನ ಬಂತು. ಆಗ ಅಲ್ಲಿನ ಸಿಬ್ಬಂದಿ ಯಾವ ರೋಗಿಯ ದಾಖಲೆಯನ್ನು ಬೇಕಾದರೂ ತೆಗೆದು ನೋಡಬಹುದಿತ್ತು. ನನ್ನ ಫೈಲನ್ನು ಯಾರು ಯಾರು ನೋಡಿದ್ದಾರೆ ಅಂತ ಆಕೆ ಕೇಳಿದರು. ಆಸ್ಪತ್ರೆಗೆ ಉತ್ತರ ಕೊಡಲು ಆಗಲಿಲ್ಲ. ವ್ಯವಸ್ಥೆಯಲ್ಲಿ ಉಳಿಯುತ್ತಿದ್ದದ್ದು ಕೊನೆಯ ಐದು ಸಲದ ಗುರುತು ಮಾತ್ರ. ಅದರಲ್ಲೂ ಯಾವ ವಿಭಾಗ ಅನ್ನುವುದಷ್ಟೇ ಇತ್ತು, ವ್ಯಕ್ತಿಯ ಹೆಸರು ಇರಲಿಲ್ಲ. ಫೈಲು ಸಂಗ್ರಹಕ್ಕೆ ವಾಪಸಾದ ಮೇಲೆ ಅದೂ ಅಳಿಸಿಹೋಗುತ್ತಿತ್ತು.

ಆಕೆ ಕೋರ್ಟಿಗೆ ಹೋದರು. ಯಾರೋ ನೋಡಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಎಲ್ಲಿ ಅಂತ ಅಲ್ಲಿಯ ಕೋರ್ಟುಗಳು ಕೇಳಿದವು. ಸಾಕ್ಷಿ ಇರಬೇಕಾಗಿದ್ದದ್ದು ಆಸ್ಪತ್ರೆಯ ಬಳಿ. ಆಸ್ಪತ್ರೆ ಅದನ್ನು ಇಟ್ಟುಕೊಂಡೇ ಇರಲಿಲ್ಲ. ಆಕೆ ಸೋತರು. ಕೊನೆಗೆ 2008ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ಗುರುತು ಬಯಲಾಗದ ಹಾಗೆ ತೀರ್ಪಿನಲ್ಲಿ ಆಕೆಯನ್ನು 'ಐ' ಅನ್ನುವ ಒಂದೇ ಅಕ್ಷರದಿಂದ ಕರೆದಿದ್ದಾರೆ. ಗುಟ್ಟು ಕಾಪಾಡಬೇಕು ಅಂತ ಕಾನೂನು ಬರೆದಿಟ್ಟರೆ ಸಾಲದು, ಸಂಬಂಧವಿಲ್ಲದವರು ಫೈಲು ತೆಗೆಯಲು ಆಗದಂಥ ಏರ್ಪಾಡೂ ಇರಬೇಕು ಅನ್ನುವುದು ಆ ತೀರ್ಪಿನ ತಿರುಳು.

ಆರೋಗ್ಯ ದಾಖಲೆಗಳ ಕಾನೂನಿನ ಚರಿತ್ರೆ ಓದುವಾಗ ನನಗೆ ಈ ಕೇಸು ಪದೇ ಪದೇ ನೆನಪಾಗುತ್ತದೆ. ಬಹುತೇಕ ಕಾನೂನುಗಳು ಮೊದಲು ಕೇಳಿದ್ದು ಫೈಲನ್ನು ಯಾರು ನೋಡಬಹುದು ಅಂತ. ಯಾರು ನೋಡಿದರು ಅಂತ ಕೇಳಲು ತಡವಾಯಿತು. ಬೇಕಾದಾಗ ಆ ಫೈಲು ಸಿಗುತ್ತದಾ ಅಂತ ಕೇಳಲು ಇನ್ನೂ ತಡವಾಯಿತು.

ಈ ವಿಷಯ ಬಂದಾಗ ಮೊದಲು ಕೇಳಿಬರುವ ಹೆಸರು ಅಮೆರಿಕದ 'ಹಿಪಾ' ಕಾಯ್ದೆಯದ್ದು. 1996ರ ಆಗಸ್ಟ್ 21ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ಸಹಿ ಹಾಕಿದರು. ಅದು ಖಾಸಗಿತನದ ಕಾನೂನು ಅಂತಲೇ ಜನ ತಿಳಿದಿದ್ದಾರೆ. ಆದರೆ ಹೆಸರಿನಲ್ಲಿರುವ 'ಪಿ' ಅಂದರೆ ಪೋರ್ಟಬಿಲಿಟಿ, ಪ್ರೈವೆಸಿ ಅಲ್ಲ. ಕೆಲಸ ಬದಲಿಸಿದವರ ಆರೋಗ್ಯ ವಿಮೆ ಕೈತಪ್ಪಬಾರದು ಅನ್ನುವುದು ಮುಖ್ಯ ಉದ್ದೇಶವಾಗಿತ್ತು. ಜೊತೆಗೆ, ವಿಮೆಯ ಬಿಲ್ಲುಗಳನ್ನು ಒಂದೇ ನಮೂನೆಯಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳಿಸಿ ಕಾಗದಪತ್ರದ ಖರ್ಚು ತಗ್ಗಿಸಬೇಕು ಅನ್ನುವ ಆಸೆಯೂ ಇತ್ತು. ಹಾಗೆ ದಾಖಲೆಗಳು ಓಡಾಡತೊಡಗಿದರೆ ರೋಗಿಯ ಗುಟ್ಟಿನ ಗತಿ ಏನು? ಅದಕ್ಕೆ ಸಂಸತ್ತು ತನಗೆ ತಾನೇ ಮೂರು ವರ್ಷದ ಗಡುವು ಹಾಕಿಕೊಂಡಿತು. ಅಷ್ಟರೊಳಗೆ ನಾವು ಕಾನೂನು ಮಾಡದಿದ್ದರೆ ಆರೋಗ್ಯ ಇಲಾಖೆಯೇ ನಿಯಮ ಬರೆಯಲಿ ಅಂತ ಅದೇ ಕಾಯ್ದೆಯಲ್ಲಿ ಸೇರಿಸಿತು. ಮೂರು ವರ್ಷ ಕಳೆಯಿತು, ಸಂಸತ್ತಿನಿಂದ ಕಾನೂನು ಬರಲಿಲ್ಲ. ಇಲಾಖೆ ಬರೆದ ಕರಡಿಗೆ 52,000ಕ್ಕೂ ಜಾಸ್ತಿ ಅಭಿಪ್ರಾಯಗಳು ಬಂದವು. ಅಂತಿಮ ನಿಯಮ ಹೊರಬಿದ್ದದ್ದು 2000ದ ಡಿಸೆಂಬರ್‌ನಲ್ಲಿ. ಅದನ್ನು ಹೆಚ್ಚಿನವರು ಪಾಲಿಸಬೇಕಾದದ್ದು 2003ರ ಏಪ್ರಿಲ್‌ನಿಂದ.

ಈ ನಡುವೆ ಒಬ್ಬ ವಿದ್ಯಾರ್ಥಿನಿ ಎಲ್ಲರ ನಿದ್ದೆ ಕೆಡಿಸಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಸಂಸ್ಥೆಯೊಂದು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತ್ತು. ಹೆಸರು, ವಿಳಾಸ ತೆಗೆದಿದ್ದೇವೆ, ಭಯ ಬೇಡ ಅನ್ನುವುದು ಸರ್ಕಾರದ ಧೈರ್ಯ. ಆಗಿನ ಗವರ್ನರ್ ವಿಲಿಯಂ ವೆಲ್ಡ್ ಕೂಡ ಅದೇ ಭರವಸೆ ಕೊಟ್ಟಿದ್ದರು. ಎಂಐಟಿಯಲ್ಲಿ ಓದುತ್ತಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂರು. ಅವರ ಪಿನ್ ಕೋಡಿನಲ್ಲಿ ಇದ್ದವರು ಒಬ್ಬರೇ. ಗವರ್ನರರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು. ಹೆಸರು ಅಳಿಸಿದರೆ ಗುರುತು ಅಳಿಯಿತು ಅನ್ನುವ ನಂಬಿಕೆ ಅಲ್ಲಿಗೆ ಮುರಿಯಿತು. ಹಿಪಾ ನಿಯಮದಲ್ಲಿ, ಗುರುತು ಮರೆಸಲು ತೆಗೆದುಹಾಕಬೇಕಾದ 18 ಬಗೆಯ ವಿವರಗಳ ಪಟ್ಟಿ ಇದೆ. ಹುಟ್ಟಿದ ತಾರೀಖು, ಪೂರ್ತಿ ಪಿನ್ ಕೋಡ್ ಎರಡೂ ಅದರಲ್ಲಿವೆ.

ಖಾಸಗಿತನದ ನಿಯಮದ ಬೆನ್ನಿಗೇ 2003ರಲ್ಲಿ ಭದ್ರತೆಯ ನಿಯಮ ಬಂತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ದುಬಾರಿಯಾದ ಪದ ಇರುವುದು ಇದರಲ್ಲಿ. ನಿಯಮದ ಅಂಶಗಳನ್ನು ಎರಡು ಗುಂಪು ಮಾಡಿದ್ದರು. ಒಂದು 'ರಿಕ್ವೈರ್ಡ್', ಅಂದರೆ ಮಾಡಲೇಬೇಕು. ಇನ್ನೊಂದು 'ಅಡ್ರೆಸೆಬಲ್'. ಅಂದರೆ ನಿಮ್ಮ ಆಸ್ಪತ್ರೆಗೆ ಅದು ಹೊಂದುತ್ತದಾ ನೋಡಿ, ಹೊಂದದಿದ್ದರೆ ಯಾಕೆ ಅಂತ ಬರೆದಿಡಿ, ಬದಲಿಗೆ ಅಷ್ಟೇ ಕೆಲಸ ಮಾಡುವ ಬೇರೊಂದು ದಾರಿ ಹುಡುಕಿ ಅಂತ. ದಾಖಲೆಯನ್ನು ಎನ್‌ಕ್ರಿಪ್ಟ್ ಮಾಡುವುದನ್ನು, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದ ಹಾಗೆ ಬದಲಿಸಿಡುವುದನ್ನು, ಈ ಎರಡನೇ ಗುಂಪಿಗೆ ಸೇರಿಸಿದರು. ಇದರ ಹಿಂದೆ ಒಂದು ಲೆಕ್ಕ ಇತ್ತು. ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್ಕಿಗೂ ಸಾವಿರ ಹಾಸಿಗೆಯ ಆಸ್ಪತ್ರೆಗೂ ಒಂದೇ ಅಳತೆಯ ಅಂಗಿ ಹೊಲಿಸುವುದು ಕಷ್ಟ. ಆದರೆ ಎಷ್ಟೋ ಕಡೆ ಆ ಪದವನ್ನು 'ಬೇಕಾದರೆ ಮಾಡಿ' ಅಂತ ಓದಿಕೊಂಡರು. ತಪ್ಪಿಗೆ ದಂಡವೂ ಹೆದರುವಷ್ಟು ಇರಲಿಲ್ಲ. ಒಂದೇ ಬಗೆಯ ತಪ್ಪಿಗೆ ವರ್ಷಕ್ಕೆ ಗರಿಷ್ಠ 25,000 ಡಾಲರ್.

2009ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಆದವು. ಆರ್ಥಿಕ ಕುಸಿತದ ಪರಿಹಾರ ಪ್ಯಾಕೇಜಿನ ಭಾಗವಾಗಿ 'ಹೈಟೆಕ್' ಅನ್ನುವ ಕಾಯ್ದೆ ಬಂತು. ಕಾಗದ ಬಿಟ್ಟು ಕಂಪ್ಯೂಟರ್ ದಾಖಲೆಗೆ ಬಂದ ಆಸ್ಪತ್ರೆ, ಡಾಕ್ಟರುಗಳಿಗೆ ಸರ್ಕಾರ ಸಾವಿರಾರು ಕೋಟಿ ಡಾಲರ್ ಪ್ರೋತ್ಸಾಹಧನ ಸುರಿಯಿತು. 2008ರಲ್ಲಿ ಹತ್ತರಲ್ಲಿ ಒಂದು ಆಸ್ಪತ್ರೆಯಲ್ಲೂ ಕನಿಷ್ಠ ಮಟ್ಟದ ಕಂಪ್ಯೂಟರ್ ದಾಖಲೆ ಇರಲಿಲ್ಲ. 2015ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಕಡೆ ಬಂದಿತ್ತು. ಬೀಗ ಗಟ್ಟಿಯಾಗುವ ಮೊದಲೇ ತಿಜೋರಿ ತುಂಬಿತು ಅನ್ನಬಹುದು.

ಅದೇ ಕಾಯ್ದೆಯ ಇನ್ನೊಂದು ಭಾಗ ಮಾತ್ರ ಜಾಣತನದ್ದು. ದಾಖಲೆ ಸೋರಿದರೆ 60 ದಿನದೊಳಗೆ ರೋಗಿಗೆ ತಿಳಿಸಬೇಕು. 500 ಅಥವಾ ಅದಕ್ಕಿಂತ ಹೆಚ್ಚು ಜನರದ್ದಾದರೆ ಸರ್ಕಾರ ತನ್ನ ವೆಬ್‌ಸೈಟಿನಲ್ಲಿ ಆಸ್ಪತ್ರೆಯ ಹೆಸರನ್ನೇ ಹಾಕುತ್ತದೆ. ಆ ಕಡೆಯವರು ಅದಕ್ಕೆ ಇಟ್ಟ ಅಡ್ಡಹೆಸರು 'ನಾಚಿಕೆಯ ಗೋಡೆ'. ಒಂದು ವಿನಾಯ್ತಿಯೂ ಇತ್ತು. ಕಳೆದುಹೋದ ಲ್ಯಾಪ್‌ಟಾಪ್ ಸರಿಯಾಗಿ ಎನ್‌ಕ್ರಿಪ್ಟ್ ಆಗಿದ್ದರೆ ಯಾರಿಗೂ ಹೇಳಬೇಕಾಗಿಲ್ಲ. 2003ರ ನಿಯಮಕ್ಕೆ ಅಲುಗಾಡದ ಆಸ್ಪತ್ರೆಗಳಿಗೂ ಎನ್‌ಕ್ರಿಪ್ಟ್ ಮಾಡಲು ಇದರಿಂದ ಒಂದು ಕಾರಣ ಸಿಕ್ಕಿತು. ದಂಡದ ಮಿತಿಯೂ 15 ಲಕ್ಷ ಡಾಲರಿಗೆ ಏರಿತು. ಆದರೂ 2015ರಲ್ಲಿ ಆಂಥಮ್ ವಿಮಾ ಕಂಪನಿಯಿಂದ ಸುಮಾರು 7.88 ಕೋಟಿ ಜನರ ವಿವರ ಕಳವಾಯಿತು. 2018ರಲ್ಲಿ ಅದು 1.6 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ತಲೆಗೆ ಎಷ್ಟು ಬಿತ್ತು ಅಂತ ಸುಮ್ನೆ ಲೆಕ್ಕ ಹಾಕಿ ನೋಡಿ.

ಅಷ್ಟರಲ್ಲಿ ಕಳ್ಳರ ರೀತಿಯೇ ಬದಲಾಗಿತ್ತು. ಫೈಲು ಕದ್ದು ಮಾರುವ ಬದಲು, ಫೈಲಿಗೆ ತಾವೇ ಬೀಗ ಜಡಿದು ಬೀಗದ ಕೈಗೆ ಹಣ ಕೇಳತೊಡಗಿದರು. 2017ರ ಮೇ ತಿಂಗಳ ವಾನಾಕ್ರೈ ದಾಳಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ಟ್ರಸ್ಟುಗಳಲ್ಲಿ ಮೂರನೇ ಒಂದರಷ್ಟಕ್ಕೆ ಪೆಟ್ಟು ಬಿತ್ತು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. 2021ರ ಮೇನಲ್ಲಿ ಐರ್ಲೆಂಡಿನ ಇಡೀ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಕಂಪ್ಯೂಟರುಗಳು ನಿಂತವು. ಎರಡು ತಿಂಗಳ ಹಿಂದೆ ಯಾರೋ ಒಬ್ಬರು ಇಮೇಲಿಗೆ ಬಂದ ಎಕ್ಸೆಲ್ ಫೈಲು ತೆರೆದಿದ್ದರು. ಅಲ್ಲಿಂದ ಶುರುವಾದದ್ದು. ಸರ್ಕಾರ ಹಣ ಕೊಡುವುದಿಲ್ಲ ಅಂದಿತು. ವಾರದೊಳಗೆ ಕಳ್ಳರೇ ಬಿಟ್ಟಿಯಾಗಿ ಕೀಲಿ ಕೊಟ್ಟರು. ಆಮೇಲೂ ಎಲ್ಲ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು.

ಭದ್ರತೆಯ ನಿಯಮದಲ್ಲಿ ದಾಖಲೆ ಬೇಕಾದಾಗ ಸಿಗಬೇಕು ಅನ್ನುವ ಮಾತು 2003ರಿಂದಲೂ ಇತ್ತು. ಬ್ಯಾಕಪ್ ಕಡ್ಡಾಯ ಅಂತಲೂ ಇತ್ತು. ಆದರೆ ಸುದ್ದಿ, ದಂಡ, ಗೋಡೆ ಎಲ್ಲವೂ ಸುತ್ತಿದ್ದು ಸೋರಿಕೆಯ ಸುತ್ತ. ರೋಗಿಯ ಅಲರ್ಜಿ ಏನು, ರಕ್ತದ ಗುಂಪು ಯಾವುದು ಅಂತ ಡಾಕ್ಟರಿಗೇ ಗೊತ್ತಾಗದೆ ಹೋದರೆ ಅದು ಖಾಸಗಿತನದ ಸಮಸ್ಯೆ ಅಲ್ಲವೇ ಅಲ್ಲ, ಜೀವದ ಪ್ರಶ್ನೆ. ಯುರೋಪಿನ ಸೈಬರ್ ಭದ್ರತಾ ಕಾನೂನು 2016ರಲ್ಲೇ ಆಸ್ಪತ್ರೆಯನ್ನು ವಿದ್ಯುತ್, ನೀರಿನ ಸಾಲಿಗೆ ಸೇರಿಸಿತು. 2022ರ ಪರಿಷ್ಕೃತ ರೂಪ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಡಳಿತ ಮಂಡಳಿಯನ್ನೇ ಹೊಣೆ ಮಾಡಿತು.

ಮತ್ತೆ ಫಿನ್ಲೆಂಡು. ನರ್ಸ್ ಗೆದ್ದು 12 ವರ್ಷವಾಗಿತ್ತು. 2020ರಲ್ಲಿ ವಸ್ತಾಮೊ ಅನ್ನುವ ಮಾನಸಿಕ ಚಿಕಿತ್ಸಾ ಸಂಸ್ಥೆಯ ದಾಖಲೆಗಳು ಕಳ್ಳರ ಕೈ ಸೇರಿರುವುದು ಬಯಲಾಯಿತು. ಸುಮಾರು 33,000 ರೋಗಿಗಳು. ಚಿಕಿತ್ಸಕರ ಎದುರು ಬಿಚ್ಚಿಟ್ಟ ಮಾತುಗಳು ಟಿಪ್ಪಣಿಯಾಗಿ ಅಲ್ಲಿದ್ದವು. ಸಂಸ್ಥೆ ಹಣ ಕೊಡದಿದ್ದಾಗ ನೇರವಾಗಿ ರೋಗಿಗಳಿಗೇ ಇಮೇಲ್ ಬಂತು. 200 ಯುರೋ ಕೊಡಿ, ಇಲ್ಲದಿದ್ದರೆ ನಿಮ್ಮದನ್ನು ಬಯಲು ಮಾಡುತ್ತೇವೆ ಅಂತ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಹೇಳಿದ ಮಾತನ್ನು ಬದಲಿಸುವುದು ಹೇಗೆ? ಅಲ್ಲಿ ಆಗ ಜಿಡಿಪಿಆರ್, ಅಂದರೆ ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಜಾರಿಯಲ್ಲಿತ್ತು. ಆರೋಗ್ಯದ ಮಾಹಿತಿ ವಿಶೇಷ ಎಚ್ಚರ ಬೇಡುವಂಥದ್ದು ಅಂತ ಆ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. 72 ಗಂಟೆಯೊಳಗೆ ಸೋರಿಕೆಯನ್ನು ವರದಿ ಮಾಡಿ ಅಂತಲೂ ಹೇಳುತ್ತದೆ. ಸಂಸ್ಥೆಗೆ 6,08,000 ಯುರೋ ದಂಡ ಬಿತ್ತು. ಅಷ್ಟರಲ್ಲಿ ಸಂಸ್ಥೆ ದಿವಾಳಿಯಾಗಿತ್ತು.

ಅಮೆರಿಕಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2024ರ ಫೆಬ್ರುವರಿಯಲ್ಲಿ. ಚೇಂಜ್ ಹೆಲ್ತ್‌ಕೇರ್ ಅಂದರೆ ಆಸ್ಪತ್ರೆ, ಮೆಡಿಕಲ್ ಶಾಪು, ವಿಮೆ ಕಂಪನಿಗಳ ನಡುವೆ ಬಿಲ್ಲು ಸಾಗಿಸುವ ಕಂಪನಿ. ರೋಗಿಗಳಲ್ಲಿ ಹೆಚ್ಚಿನವರು ಅದರ ಹೆಸರೇ ಕೇಳಿರಲಿಲ್ಲ. ಅದು ನಿಂತಾಗ ದೇಶದ ಉದ್ದಗಲಕ್ಕೂ ಔಷಧಿ ಕೊಡುವುದಕ್ಕೆ, ಹಣ ಬರುವುದಕ್ಕೆ ಅಡ್ಡಿಯಾಯಿತು. ಕಂಪನಿ 2.2 ಕೋಟಿ ಡಾಲರ್ ಒತ್ತೆಹಣ ಕೊಟ್ಟಿತು. ಕೊನೆಗೆ ಲೆಕ್ಕ ಸಿಕ್ಕಿದ್ದು ಸುಮಾರು 19 ಕೋಟಿ ಜನರ ಮಾಹಿತಿ. ಕಳ್ಳರು ಒಳಬಂದ ಬಾಗಿಲಲ್ಲಿ ಪಾಸ್‌ವರ್ಡ್ ಒಂದೇ ಸಾಕಿತ್ತು, ಒಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ ಅಂತ ಮಾತೃಸಂಸ್ಥೆಯ ಮುಖ್ಯಸ್ಥರೇ ಸಂಸತ್ತಿನ ಎದುರು ಒಪ್ಪಿಕೊಂಡರು.

ಆ ವರ್ಷದ ಕೊನೆಯಲ್ಲಿ ಆರೋಗ್ಯ ಇಲಾಖೆ ಭದ್ರತಾ ನಿಯಮಕ್ಕೆ ತಿದ್ದುಪಡಿಯ ಕರಡು ಹೊರಡಿಸಿತು. 'ಅಡ್ರೆಸೆಬಲ್' ಅನ್ನುವ ಗುಂಪನ್ನೇ ಕಿತ್ತುಹಾಕುವುದು, ಕೆಲವೇ ವಿನಾಯ್ತಿ ಬಿಟ್ಟು ಎನ್‌ಕ್ರಿಪ್ಷನ್ ಮತ್ತು ಎರಡನೇ ತಪಾಸಣೆ ಕಡ್ಡಾಯ ಮಾಡುವುದು, ದಾಳಿಯಾದರೆ ಮುಖ್ಯ ವ್ಯವಸ್ಥೆಗಳನ್ನು 72 ಗಂಟೆಯೊಳಗೆ ಮತ್ತೆ ಎಬ್ಬಿಸುವ ಯೋಜನೆ ಇಡುವುದು. ಖರ್ಚು ಯಾರು ಕೊಡುತ್ತಾರೆ ಅಂತ ಆಸ್ಪತ್ರೆಗಳ ಸಂಘಟನೆಗಳು ತಕರಾರು ಎತ್ತಿದವು. ಸಣ್ಣ ಆಸ್ಪತ್ರೆಗಳ ಮಟ್ಟಿಗೆ ಆ ತಕರಾರಿನಲ್ಲಿ ಹುರುಳಿದೆ.

ಭಾರತದ ದಾರಿ ಸ್ವಲ್ಪ ವಿಚಿತ್ರ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಅಂತ ಗುರುತಿಸಿದ್ದವು. 2018ರಲ್ಲಿ ಆರೋಗ್ಯ ಮಾಹಿತಿಗೆಂದೇ 'ದಿಶಾ' ಅನ್ನುವ ಕರಡು ಬಂತು, ಕಾನೂನಾಗಲಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸೂಕ್ಷ್ಮ ಅನ್ನುವ ಬೇರೆ ವರ್ಗವೇ ಇಲ್ಲ. ಫೋನ್ ನಂಬರಿಗೂ ಎಚ್‌ಐವಿ ವರದಿಗೂ ಅದು ಒಂದೇ ತಕ್ಕಡಿ ಹಿಡಿಯುತ್ತದೆ. ಈ ಕಾಯ್ದೆ ಬರುವ ಮುಂಚಿನ ವರ್ಷ, 2022ರ ನವೆಂಬರ್‌ನಲ್ಲಿ, ದೆಹಲಿಯ ಏಮ್ಸ್ ಮೇಲೆ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆದಿತ್ತು.

ಇನ್ನೊಂದು ಕಡೆ ಕಾನೂನು ಉಲ್ಟಾ ದಿಕ್ಕಿಗೂ ಎಳೆಯುತ್ತಿದೆ. ದಾಖಲೆ ಹಂಚಿಕೊಳ್ಳದೆ ಸುಮ್ಮನೆ ತಡೆಹಿಡಿಯುವುದು ತಪ್ಪು ಅನ್ನುತ್ತದೆ ಅಮೆರಿಕದ 2016ರ ಕಾಯ್ದೆ. ರೋಗಿಗೆ ಇದು ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ನಿಮ್ಮ ಮೊಬೈಲ್ ಆ್ಯಪಿಗೆ ಬಂದ ದಾಖಲೆಗೆ ಹಿಪಾ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದು ಕಟ್ಟಿಹಾಕಿರುವುದು ಆಸ್ಪತ್ರೆ, ವಿಮೆ ಕಂಪನಿಯಂಥವರನ್ನು ಮತ್ತು ಅವರ ಗುತ್ತಿಗೆದಾರರನ್ನು ಮಾತ್ರ. ಅದೇ ರಕ್ತಪರೀಕ್ಷೆ, ಅದೇ ಅಂಕಿ, ಕೈ ಬದಲಾದರೆ ಕಾನೂನೂ ಬದಲು.

ಯುರೋಪಿನ ಹೊಸ ಆರೋಗ್ಯ ದತ್ತಾಂಶ ನಿಯಮ 2025ರ ಮಾರ್ಚ್ 26ರಂದು ಜಾರಿಗೆ ಬಂತು. ಅದರ ಮುಖ್ಯ ಭಾಗಗಳು ಅನ್ವಯವಾಗುವುದು 2029ರಿಂದ. ದೇಶದಿಂದ ದೇಶಕ್ಕೆ ದಾಖಲೆ ಸಾಗಿಸುವುದು ಅದರ ದೊಡ್ಡ ಗುರಿ, ಎಲ್ಲರೂ ಮಾತಾಡುವುದೂ ಅದನ್ನೇ. ಒಳಗೆ ಒಂದು ಸಣ್ಣ ಕಲಮು ಇದೆ. ತನ್ನ ದಾಖಲೆಯನ್ನು ಯಾರು, ಯಾವಾಗ ತೆರೆದು ನೋಡಿದರು ಅಂತ ತಿಳಿಯುವ ಹಕ್ಕು ರೋಗಿಗೆ ಇದೆ. ಆ ನರ್ಸ್‌ಗೆ ಅನುಮಾನ ಬಂದದ್ದು 1992ರಲ್ಲಿ.