ಅಮ್ಮ ಹೋಗಿ ಎಂಟು ತಿಂಗಳಾಯ್ತು, ಇನ್ನೂ ಅಳು ಬರುತ್ತದೆ. ನನಗೇನಾದರೂ ಆಗಿದೆಯಾ?

ಪ್ರಶ್ನೆ: ಅಮ್ಮ ತೀರಿಹೋಗಿ ಎಂಟು ತಿಂಗಳು. ಆಫೀಸಿಗೆ ಹೋಗುತ್ತೇನೆ, ಅಡುಗೆ ಮಾಡುತ್ತೇನೆ, ನಗುತ್ತೇನೆ ಕೂಡ. ಆದರೆ ಇದ್ದಕ್ಕಿದ್ದಂತೆ ಅಳು ಉಕ್ಕಿ ಬರುತ್ತದೆ. 'ಇನ್ನೂ ಎಷ್ಟು ದಿನ ಹೀಗೇ ಇರ್ತೀಯ, ಮೊದಲು ಬೀರುವಿನಲ್ಲಿರೋ ಆ ಸೀರೆಗಳನ್ನ ಕೊಟ್ಟುಬಿಡು' ಅಂತಾರೆ ಮನೆಯವರು.

ಉತ್ತರ: ಏನೂ ಆಗಿಲ್ಲ. ಎಂಟು ತಿಂಗಳು ಅಂದರೆ ಜಾಸ್ತಿ ದಿನವೇನಲ್ಲ.

ನಮ್ಮಪ್ಪ ಹೋದಾಗ ಚಿತಾಗಾರದಲ್ಲಿ ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ, ಶಾಮಿಯಾನದವರ ಲೆಕ್ಕ, ಅಡುಗೆಯವರಿಗೆ ಅಡ್ವಾನ್ಸ್, ಇದರಲ್ಲೇ ದಿನ ಹೋಯಿತು. ತಿಥಿ ಮುಗಿದು, ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಗ್ಯಾಸ್ ಖಾಲಿಯಾಯಿತು. ಸಿಲಿಂಡರ್ ಬದಲಾಯಿಸಿದ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುವುದು ಅಪ್ಪನ ಕೆಲಸ. ಎಷ್ಟು ದಿನ ಬಂತು ನೋಡೋಣ ಅಂತ ಹಿಂದಿನ ಹಾಳೆ ತಿರುಗಿಸಿದೆ. ಏಕಾದಶಿ ಪಕ್ಕದಲ್ಲಿ ಅವರ ಗುಂಡಗಿನ ಅಕ್ಷರ: 'ಹೊಸ ಗ್ಯಾಸ್'. ಒಲೆ ಮೇಲೆ ಹಾಲು ಅರ್ಧ ಕಾದಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ದುಃಖಕ್ಕೆ ಐದು ಹಂತ ಅಂತ ನೀವೂ ಕೇಳಿರಬಹುದು. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದದ್ದು ಅದು. ಆದರೆ ಅವರು ಮಾತಾಡಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು. ಹಿಂದೆ ಉಳಿದವರು ಅದನ್ನು ಟೈಂಟೇಬಲ್ ಮಾಡಿಕೊಂಡು ಒದ್ದಾಡುತ್ತೇವೆ. 1999ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆ: ಮನಸ್ಸು ಉಯ್ಯಾಲೆ ಥರ. ಒಮ್ಮೆ ಹೋದವರ ಕಡೆ, ಒಮ್ಮೆ ದಿನದ ಕೆಲಸದ ಕಡೆ. ನೀವು ನಗುವುದೂ ಅಳುವುದೂ ಅದರಲ್ಲೇ ಬಂತು.

ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತೇನೋ. ಹನ್ನೊಂದು, ಹದಿಮೂರಕ್ಕೇ ಮುಗಿಸಲಿಲ್ಲ ಅವರು. ಮಾಸಿಕ ಇಟ್ಟರು, ವರ್ಷದ ತಿಥಿ ಇಟ್ಟರು, ಆಮೇಲೂ ಮಹಾಲಯ ಅಮಾವಾಸ್ಯೆಗೆ ಎಡೆ. ಎಷ್ಟೋ ಮನೆಗಳಲ್ಲಿ ಹೋದವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡುತ್ತಾರೆ, ಎಲೆಅಡಿಕೆ, ಬೀಡಿ ಕೂಡ. ಮರೆತುಬಿಡು ಅಂತ ಯಾರೂ ಹೇಳುತ್ತಿರಲಿಲ್ಲ, ಅಲ್ವಾ? ನಮ್ಮನೆಯಲ್ಲಿ ಆ ಹಳೇ ಕ್ಯಾಲೆಂಡರ್ ಈಗಲೂ ಮೊಳೆಯಲ್ಲೇ ಇದೆ, ಹೊಸದರ ಹಿಂದೆ. ಗ್ಯಾಸ್ ದಿನ ಬರೆಯುವುದು ಈಗ ನಾನು, ಪೆನ್ನಲ್ಲಿ. ಅಪ್ಪ ಆ ಪೆನ್ಸಿಲ್ ಎಲ್ಲಿಡುತ್ತಿದ್ದರೋ, ಸಿಗಲಿಲ್ಲ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಆರು ತಿಂಗಳು ದಾಟಿದ ಮೇಲೂ ಹೆಚ್ಚುಕಮ್ಮಿ ಪ್ರತಿದಿನ ಅದೇ ಸಂಕಟ, ಕೆಲಸ ಮಾಡಲಾಗದು, ಯಾರೂ ಬೇಡ ಅನ್ನಿಸಿದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಇದು ಸೇರಿದೆ. ಬದುಕೇ ಬೇಡ ಅನ್ನಿಸಿದರಂತೂ ತಿಂಗಳ ಲೆಕ್ಕ ಹಾಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರ ನೋಡಿದರೆ ನೀವು ಆ ಸ್ಥಿತಿಯಲ್ಲಿಲ್ಲ ಅನ್ನಿಸುತ್ತದೆ.

ಇನ್ನು ಸೀರೆ. ಬೀರುವಿನಲ್ಲಿ ಜಾಗ ಇದೆ ತಾನೇ? ಇರಲಿ ಬಿಡಿ. ಕೊಡಬೇಕು ಅಂತ ನಿಮಗೇ ಅನ್ನಿಸಿದ ದಿನ ಚಿಕ್ಕಮ್ಮನಿಗೋ ಅತ್ತೆಗೋ ಕೊಡಿ, ಯಾವುದಾದರೂ ಮದುವೆಯಲ್ಲಿ ಮತ್ತೆ ಕಣ್ಣಿಗೆ ಬೀಳುತ್ತದೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ ಇದ್ದರೆ ಕೌದಿ ಹೊಲಿಸಿ. ಚಳಿಗಾಲಕ್ಕೆ ಹೊದೆಯಬಹುದು.