ಕೊಹಿನೂರ್ ಯಾಕೆ ಮಂಕಾಗಿತ್ತು?

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಕೊಹಿನೂರ್ ನೋಡೋಕೆ ಜನ ಮುಗಿಬಿದ್ದರು. ನೋಡಿದವರಲ್ಲಿ ಬಹಳ ಮಂದಿಗೆ ನಿರಾಸೆಯಾಯಿತು. ಅಷ್ಟು ಹೆಸರುವಾಸಿ ಕಲ್ಲು ಗಾಜಿನ ತುಂಡಿನ ಹಾಗೆ ಮಂಕಾಗಿ ಕೂತಿತ್ತು. ಮರುವರ್ಷ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಮುತುವರ್ಜಿ ವಹಿಸಿ ಹೊಸದಾಗಿ ಸಾಣೆ ಹಿಡಿಸಿದ. ಈಗಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ ಇದ್ದದ್ದು 106ರ ಹತ್ತಿರಕ್ಕೆ ಇಳಿಯಿತು. ಅಷ್ಟು ತೂಕ ಹೋದದ್ದು ಹೊಳಪಿಗಾಗಿ. ಮೊದಲು ಅದು ಮಂಕಾಗಿದ್ದದ್ದು ಹಳೆ ಕಟ್‌ನಿಂದ, ಅಂದರೆ ಕಲ್ಲಿನ ಮುಖಗಳನ್ನು ಕೆತ್ತಿದ್ದ ರೀತಿಯಿಂದ.

ಬಣ್ಣ, ಒಳಗಿನ ಕಲೆ ಎಲ್ಲ ಭೂಮಿ ಕೊಟ್ಟದ್ದು. ಕಟ್ ಮಾತ್ರ ಮನುಷ್ಯರ ಕೈಕೆಲಸ. ನನಗೆ ವಜ್ರದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ವಜ್ರದೊಳಗೆ ಹೊಕ್ಕ ಬೆಳಕು ಸುಲಭಕ್ಕೆ ಹೊರಗೆ ಬರೋದಿಲ್ಲ. ಒಳಗಿನಿಂದ ಒಂದು ಮುಖಕ್ಕೆ ಬಡಿಯುವಾಗ, ನೆಟ್ಟಗೆ ಬೀಳದೆ 24.4 ಡಿಗ್ರಿಗಿಂತ ಜಾಸ್ತಿ ಓರೆಯಾಗಿದ್ದರೆ ಪೂರ್ತಿ ವಾಪಸ್ ಪುಟಿಯುತ್ತದೆ. ಮಾಮೂಲಿ ಗಾಜಿನಲ್ಲಿ ಈ ಗಡಿ ಸುಮಾರು 42 ಡಿಗ್ರಿ. ಹಾಗಾಗಿ ಅಲ್ಲಿ ಬೆಳಕು ಬೇಗ ಸೋರಿಹೋಗುತ್ತದೆ. ಒಳ್ಳೆ ಕಟ್ ಇದ್ದರೆ ಮೇಲಿನಿಂದ ಬಂದ ಬೆಳಕು ತಳದ ಎರಡು ಇಳಿಜಾರುಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರುತ್ತದೆ. ವಜ್ರ ಕೆತ್ತುವ ಮನೆತನದ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಇದರ ಲೆಕ್ಕ ಹಾಕಿದ. ದುಂಡು ವಜ್ರಕ್ಕೆ ತಳದ ಕೋನ 40.75 ಡಿಗ್ರಿ, ಮೇಲ್ಭಾಗದ್ದು 34.5 ಡಿಗ್ರಿ ಇರಬೇಕು, ಮೇಲಿನ ಚಪ್ಪಟೆ ಮುಖ ಕಲ್ಲಿನ ಅಗಲದ 53 ಶೇಕಡಾ ಇರಬೇಕು ಎಂದ. ಇವತ್ತಿಗೂ ಕಸುಬಿನವರು ಈ ಅಂಕಿಗಳ ಆಸುಪಾಸಿನಲ್ಲೇ ಓಡಾಡುತ್ತಾರೆ.

ಲೆಕ್ಕ ತಪ್ಪಿದರೆ ಕಣ್ಣಿಗೇ ಕಾಣುತ್ತದೆ. ತಳ ತೀರಾ ಆಳವಿಲ್ಲದಿದ್ದರೆ ಕಲ್ಲಿನ ಅಂಚು ಒಳಗೆ ಪ್ರತಿಫಲಿಸಿ, ಚಪ್ಪಟೆ ಮುಖದೊಳಗೆ ಬಿಳಿಚಿದ ಬಳೆ ಮೂಡುತ್ತದೆ. ಇದಕ್ಕೆ ಮೀನುಕಣ್ಣು ಅಂತ ಹೆಸರು. ತಳ ಜಾಸ್ತಿ ಆಳವಾದರೆ ನಡುವೆ ಮೊಳೆಯ ತಲೆಯಂಥ ಕಪ್ಪು ಮಚ್ಚೆ.

ವಜ್ರಗಳನ್ನು ಪರೀಕ್ಷಿಸುವ ಅಮೆರಿಕದ ಜಿಐಎ ಸಂಸ್ಥೆ 2006ರಿಂದ ದುಂಡು ವಜ್ರದ ಕಟ್‌ಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆ ಕೊಡುತ್ತಿದೆ. ಬಿಳಿ ಹೊಳಪು, ಕಾಮನಬಿಲ್ಲಿನ ಬಣ್ಣ, ಅಲುಗಾಡಿಸಿದಾಗಿನ ಮಿನುಗು, ಪಾಲಿಶ್, ಮುಖಗಳ ಹೊಂದಾಣಿಕೆ, ಅಂಚಿನ ಗಟ್ಟಿತನ ಎಲ್ಲ ನೋಡುತ್ತಾರೆ. ಇನ್ನೊಂದು ವಿಷಯ ಕೊಳ್ಳುವವರಿಗೆ ಬಹಳ ಮುಖ್ಯ: ತೂಕಕ್ಕೆ ತಕ್ಕ ಅಗಲ. ಚೆನ್ನಾಗಿ ಕೆತ್ತಿದ 1 ಕ್ಯಾರಟ್ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲ ಇರುತ್ತದೆ. 6.1 ಮಾತ್ರ ಇದೆಯಾ? ಹಾಗಿದ್ದರೆ ತೂಕ ಹೊಟ್ಟೆಯಲ್ಲಿ ಅಡಗಿ ಕೂತಿದೆ. ಕಾಣದ ಭಾಗಕ್ಕೂ ನೀವು ದುಡ್ಡು ಕೊಡುತ್ತಿದ್ದೀರಿ.

ಅಂಗಡಿಯ ಚುರುಕು ದೀಪದ ಕೆಳಗೆ ಯಾವ ಕಲ್ಲಾದರೂ ಮಿಂಚುತ್ತದೆ, ಅಲ್ವಾ? ಕಿಟಕಿ ಪಕ್ಕಕ್ಕೆ ತನ್ನಿ, ನೇರ ಬಿಸಿಲು ಬೇಡ. ಬೆರಳುಗಳ ನಡುವೆ ಹಿಡಿದು ನಿಧಾನಕ್ಕೆ ಓರೆ ಮಾಡಿ. ಮೊಟ್ಟೆಯಾಕಾರದ ಕಲ್ಲಾದರೆ ಅಡ್ಡಕ್ಕೆ ಬೋ ಟೈ ಥರದ ಕಪ್ಪು ನೆರಳು ಬೀಳುತ್ತದಾ ನೋಡಿ. ಓರೆ ಮಾಡಿದಾಗಲೂ ಅದು ಅಲ್ಲೇ ಕೂತಿದ್ದರೆ ಆ ಕಲ್ಲನ್ನು ವಾಪಸ್ ಇಡಿ.